ಬೈಂದೂರಿನ ಹೊಳೆಗೆ ಹೊಂದದ ಕಂಪ್ಯೂಟರು

‘ಏಕರೂಪ’ ಎಂಬ ಪದ ಕಿವಿಗೆ ಬಿದ್ದರೆ ನನಗೆ ಈಗಲೂ ಮೈ ಉರಿಯುತ್ತದೆ. ನಿವೃತ್ತಿ ತೆಗೆದುಕೊಂಡು ಮನೆಯಲ್ಲಿ ಕುಳಿತ ಮೇಲೂ ಇಳಿಯದ ಸಿಟ್ಟು ಇದು. ಬೈಂದೂರಿನ ಕಡೆ ಒಂದು ಕಿಂಡಿ ಅಣೆಕಟ್ಟಿನ ಹಿಂದೆ ಶೀನ ಶೆಟ್ಟರು ಎಂಬವರ ಗದ್ದೆಗಳಿವೆ. ಆ ಗದ್ದೆಗೆ ಸಮುದ್ರದ ಉಪ್ಪುನೀರು ನುಗ್ಗುವ ಮೊದಲೇ ಅವರನ್ನು ಎಚ್ಚರಿಸುವುದು ನಮ್ಮ ಸಂಶೋಧನಾ ಸಂಸ್ಥೆಯ ಕೆಲಸಗಳಲ್ಲಿ ಒಂದಾಗಿತ್ತು. ಎಲ್ಲ ಕಂಪ್ಯೂಟರುಗಳನ್ನೂ ಒಂದೇ ನಮೂನೆ ಮಾಡುವ ಗಡಿಬಿಡಿಯಲ್ಲಿ ಆ ಎಚ್ಚರಿಕೆಯ ಕತ್ತು ಹಿಸುಕಿದರು. ಅದು ಹೇಗಾಯಿತು ಎಂಬುದನ್ನು ಈಗ ಹೊಸದಾಗಿ ಈ ಕೆಲಸಕ್ಕೆ ಸೇರುತ್ತಿರುವವರು ಓದಲಿ ಎಂದು ಬರೆಯುತ್ತಿದ್ದೇನೆ. ಬಡ್ತಿ, ಹಾರ, ಸನ್ಮಾನದ ಕಥೆ ಬೇಕಾದವರು ಬೇರೆ ಕಡೆ ಹೋಗಬಹುದು.

ನಮ್ಮದು ಹೊಳೆ, ಅಳಿವೆ, ಕಡಲಂಚಿನ ಮಣ್ಣು ಇವುಗಳ ಅಧ್ಯಯನ ಮಾಡುವ ಸಂಸ್ಥೆ. ಕುಂದಾಪುರದಲ್ಲಿ ಕಚೇರಿ, ಬ್ರಹ್ಮಾವರದಲ್ಲಿ ಪ್ರಯೋಗಾಲಯ, ಬೈಂದೂರಿನಲ್ಲಿ ಹೊಳೆ ಬದಿಗೆ ಹೆಂಚಿನ ಮಾಡಿನ ಒಂದು ಸಣ್ಣ ಠಾಣೆ. ಕೇಂದ್ರ ಕಚೇರಿ, ಸಂಸ್ಥೆಯ ಉಳಿದ ಕೇಂದ್ರಗಳು ಮಾತ್ರ ಘಟ್ಟದ ಮೇಲೆ, ದೂರದ ಊರುಗಳಲ್ಲಿ. ಕರಾವಳಿಯ ಈ ಮೂರೂ ಕಡೆಯ ಕಂಪ್ಯೂಟರುಗಳ ಉಸ್ತುವಾರಿ ನನ್ನದು. ಬುತ್ತಿಗೆ ಕುಚ್ಚಲಕ್ಕಿ ಅನ್ನ, ಮಿಡಿ ಉಪ್ಪಿನಕಾಯಿ ಕಟ್ಟಿಕೊಂಡು, ಚೀಲದಲ್ಲಿ ಸ್ಕ್ರೂಡ್ರೈವರು, ಹಳೆ ಹತ್ತಿ ಸೀರೆಯ ತುಂಡು ಇಟ್ಟುಕೊಂಡು ಕುಂದಾಪುರದ ಶಾಸ್ತ್ರಿ ಸರ್ಕಲ್ಲಿನಲ್ಲಿ ಬಸ್ಸು ಹತ್ತಿದರೆ ಒಂದು ದಿನ ಬಡಗು, ಒಂದು ದಿನ ತೆಂಕು. ಕೀಬೋರ್ಡಿನ ಧೂಳು ಒರೆಸಲು ಹತ್ತಿ ಸೀರೆಯಷ್ಟು ಒಳ್ಳೆಯ ಬಟ್ಟೆ ಇನ್ನೊಂದಿಲ್ಲ, ಇದನ್ನು ಯಾವ ತರಬೇತಿಯಲ್ಲೂ ಹೇಳುವುದಿಲ್ಲ.

ನಾನು ಏಕರೂಪದ ವೈರಿ ಎಂದು ಕೆಲವರು ಹೇಳಿಕೊಂಡು ತಿರುಗಿದರು. ಸುಳ್ಳು. ಎಲ್ಲರಿಗಿಂತ ಮೊದಲು ಅದನ್ನು ಕೇಳಿದವಳೇ ನಾನು. ಆಗ ಒಬ್ಬೊಬ್ಬ ವಿಜ್ಞಾನಿಗೂ ಒಂದೊಂದು ನಮೂನೆ ಕಂಪ್ಯೂಟರು. ಯಾವ ಯೋಜನೆಯಲ್ಲಿ ಹಣ ಬಂತೋ ಆ ಯೋಜನೆಯಲ್ಲಿ, ಯಾವ ಅಂಗಡಿಯವ ಮೊದಲು ಬಂದನೋ ಅವನಿಂದ ಖರೀದಿ. ಒಬ್ಬರ ಆಪರೇಟಿಂಗ್ ಸಿಸ್ಟಮ್ ಹಳೆಯದು, ಪಕ್ಕದವರದ್ದು ಹೊಸದು, ಮೂರನೆಯವರದ್ದು ಕಳ್ಳ ಪ್ರತಿ. ಒಂದು ಪೆನ್ ಡ್ರೈವ್ ಕುಂದಾಪುರದಿಂದ ಬ್ರಹ್ಮಾವರಕ್ಕೆ ಹೋಗಿ ಬಂದರೆ ಶೀತಜ್ವರ ತಂದ ಹಾಗೆ ವೈರಸ್ಸು ತರುತ್ತಿತ್ತು. ಬ್ರಹ್ಮಾವರದ ಒಬ್ಬ ರಸಾಯನ ವಿಜ್ಞಾನಿ ಒಂದು ಇಡೀ ಮಳೆಗಾಲದ ಮಣ್ಣಿನ ಪರೀಕ್ಷೆಯ ಕೋಷ್ಟಕಗಳನ್ನು ತಮ್ಮ ಯಂತ್ರದಲ್ಲಿ ಮಾತ್ರ ತೆರೆಯುವ ಯಾವುದೋ ತಂತ್ರಾಂಶದಲ್ಲಿ ಇಟ್ಟಿದ್ದರು. ಯಂತ್ರ ಸತ್ತಿತು. ಕೋಷ್ಟಕಗಳ ಪ್ರತಿ ನನ್ನ ಹತ್ತಿರ ಇತ್ತು, ಆದರೆ ಅದನ್ನು ಓದುವ ಇನ್ನೊಂದು ಕಂಪ್ಯೂಟರು ಸಂಸ್ಥೆಯಲ್ಲೇ ಇರಲಿಲ್ಲ. ಅವರು ಕುರ್ಚಿಯಲ್ಲಿ ತಲೆ ಬಗ್ಗಿಸಿ ಕುಳಿತದ್ದು ನೋಡಿಯೇ ನಾನು ಮೇಲಿನವರಿಗೆ ಬರೆದದ್ದು, ಇದಕ್ಕೊಂದು ಶಿಸ್ತು ಬೇಕು ಎಂದು.

ಶಿಸ್ತು ಬಂತು. ಕೇಶವಮೂರ್ತಿ ಎಂಬ ಹಿರಿಯ ಅಧಿಕಾರಿಯ ರೂಪದಲ್ಲಿ ಬಂತು. ಕೇಂದ್ರ ಕಚೇರಿಯ ಏಕರೂಪ ಸಮಿತಿಗೆ ಅವರೇ ಅಧ್ಯಕ್ಷರು. ಸ್ವರ ಏರಿಸಿ ಮಾತಾಡಿದವರಲ್ಲ, ಯಾರ ಮಾತನ್ನೂ ಪೂರ್ತಿ ಕೇಳಿದವರೂ ಅಲ್ಲ. ಯಾವ ಕಂಪನಿಯ ಯಾವ ಮಾದರಿ, ಯಾವ ಆಪರೇಟಿಂಗ್ ಸಿಸ್ಟಮ್, ಪರದೆಯ ಹಿನ್ನೆಲೆ ಯಾವ ಬಣ್ಣ, ಎಲ್ಲವೂ ಅವರ ಪಟ್ಟಿಯಲ್ಲಿತ್ತು. ಪಟ್ಟಿಯಲ್ಲಿ ಇಲ್ಲದ್ದು ಜಗತ್ತಿನಲ್ಲಿಯೇ ಇಲ್ಲ.

ಅವರ ಮೊದಲ ಭೇಟಿ ಬ್ರಹ್ಮಾವರಕ್ಕೆ. ಅಲ್ಲಿ ಕಂಪ್ಯೂಟರು ಇಡುವ ಮರದ ಕಪಾಟಿನೊಳಗೆ ನಾವು ಒಂದು ಸಣ್ಣ ಬಲ್ಬು ಉರಿಸಿಡುತ್ತಿದ್ದೆವು. ಬಟ್ಟೆ ಚೀಲದಲ್ಲಿ ಇದ್ದಿಲು ಕಟ್ಟಿ ಮೂಲೆಗೆ ಇಡುತ್ತಿದ್ದೆವು. ನಮ್ಮ ಕಡೆ ಮಳೆಗಾಲ ಕಂಡವರಿಗೆ ಯಾಕೆಂದು ಹೇಳಬೇಕಾಗಿಲ್ಲ.

“ಇದೇನಿದು ಬಲ್ಬು?” ಎಂದರು ಕೇಶವಮೂರ್ತಿ.

“ಥಂಡಿ ಎಳೆಯದ ಹಾಗೆ ಸಾರ್. ಇಲ್ಲಿ ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪೂ ನೀರೊಡೆಯುತ್ತದೆ.”

“ಪಟ್ಟಿಯಲ್ಲಿದೆಯೇ?”

“ಇಲ್ಲ.”

“ಹಾಗಾದರೆ ತೆಗೆಸಿಬಿಡಿ ಮೇಡಂ. ಬೇರೆ ಯಾವ ಕೇಂದ್ರದಲ್ಲೂ ನಾನು ಬಲ್ಬು ನೋಡಿಲ್ಲ.”

ಬೇರೆ ಯಾವ ಕೇಂದ್ರದ ಅಂಗಳಕ್ಕೂ ಕಡಲಿನ ಗಾಳಿ ಬರುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ. ಅವರು ಆಗಲೇ ಮುಂದಿನ ಕೋಣೆಯಲ್ಲಿದ್ದರು. ಬಲ್ಬು ಹೋಯಿತು, ಇದ್ದಿಲೂ ಹೋಯಿತು. ಆಸಾಡಿ ತಿಂಗಳ ಮಳೆ ಮುಗಿಯುವುದರೊಳಗೆ ಹೊಸ ತೆಳು ಕಂಪ್ಯೂಟರುಗಳ ಹಿಂಬದಿ ತೂತುಗಳಲ್ಲಿ ಹಸಿರು ಕಿಲುಬು ಕಟ್ಟಿತು. ಒಂದರೊಳಗೆ ಇರುವೆ ಗೂಡು ಮಾಡಿ ಮೊಟ್ಟೆಯನ್ನೂ ಇಟ್ಟಿತ್ತು. ಅದರ ಚಿತ್ರ ತೆಗೆದು ಕಳಿಸಿದೆ. ಕೇಂದ್ರ ಕಚೇರಿಯಿಂದ ಬಂದ ಉತ್ತರ: ಬಳಕೆದಾರರು ತೇವಾಂಶವಿರುವ ವಾತಾವರಣವನ್ನು ತಪ್ಪಿಸತಕ್ಕದ್ದು. ಅಂದರೆ ಬ್ರಹ್ಮಾವರದವರು ಜೂನ್ ತಿಂಗಳಲ್ಲಿ ಊರು ಬಿಟ್ಟು ಹೋಗಬೇಕು.

ಅಲ್ಲಿಯ ತನಕ ನಷ್ಟವಾದದ್ದು ಬರೀ ಯಂತ್ರ. ಬೈಂದೂರಿನದ್ದು ಹಾಗಲ್ಲ.

ಶೆಟ್ಟರ ಊರಿನ ಕಿಂಡಿ ಅಣೆಕಟ್ಟಿಗೆ ಮಳೆಗಾಲದಲ್ಲಿ ಹಲಗೆ ಇರುವುದಿಲ್ಲ, ಕಿಂಡಿಗಳಲ್ಲಿ ಹೊಳೆ ಬಿಡುಬೀಸಾಗಿ ಸಮುದ್ರಕ್ಕೆ ಹೋಗುತ್ತದೆ. ಮಳೆ ಹಿಂದೆ ಸರಿದ ಮೇಲೆ ಉಬ್ಬರದಲ್ಲಿ ಸಮುದ್ರದ ನೀರು ಅದೇ ಕಿಂಡಿಗಳಿಂದ ಮೇಲೆ ಬರುತ್ತದೆ. ಅಷ್ಟರೊಳಗೆ ಎರಡು ಸಾಲು ಹಲಗೆ ಹಾಕಿ ನಡುವೆ ಮಣ್ಣು ಜಡಿಯಬೇಕು. ಬೇಗ ಹಾಕಿದರೆ ಕೊನೆಯ ಮಳೆಯ ನೆರೆಗೆ ಗದ್ದೆ ಮುಳುಗುತ್ತದೆ, ತಡ ಮಾಡಿದರೆ ಉಪ್ಪು. ಆ ಒಂದು ದಿನವನ್ನು ಹಿಡಿಯುವುದೇ ಕಸುಬು. ಹಲಗೆಯ ಜವಾಬ್ದಾರಿ ಶೀನ ಶೆಟ್ಟರದ್ದು. ಮುಂಬೈಯಲ್ಲಿ ಅಣ್ಣನ ಹೋಟೆಲಿನಲ್ಲಿ ಕೆಲವು ವರ್ಷ ಇದ್ದು, ಅದು ಹಿಡಿಸದೆ ವಾಪಸು ಬಂದು ಗದ್ದೆಗೆ ಇಳಿದ ಮನುಷ್ಯ.

ಮೊದಲೆಲ್ಲ ಅವರು ಹೊಳೆ ನೀರು ಬಾಯಿಗೆ ಹಾಕಿ ನೋಡಿ ಹಲಗೆ ಹಾಕುತ್ತಿದ್ದರು. ಕೆಲವು ವರ್ಷ ಸರಿಯಾಗುತ್ತಿತ್ತು, ಕೆಲವು ವರ್ಷ ತಪ್ಪುತ್ತಿತ್ತು. ನಮ್ಮ ವಿಜ್ಞಾನಿಗಳು ಊರಿನ ಶಾಲೆಯಲ್ಲಿ ಸಭೆ ಮಾಡಿ, ಹೊಳೆಯಲ್ಲಿ ಉಪ್ಪು ಅಳೆಯುವ ಉಪಕರಣ ಇಳಿಸಿದ್ದೇವೆ, ಗಡಿ ದಾಟಿದ ಕೂಡಲೇ ನಿಮ್ಮ ಮೊಬೈಲಿಗೆ ಸಂದೇಶ ಬರುತ್ತದೆ, ಅಲ್ಲಿಯ ತನಕ ಹಲಗೆ ಮುಟ್ಟಬೇಡಿ ಎಂದರು. ಹಾಗೆಯೇ ನಡೆಯಿತು, ವರ್ಷಾನುವರ್ಷ ಸರಿಯಾಗಿ ನಡೆಯಿತು. ನಂಬಿದ ಮೇಲೆ ಅವರು ಬಾಯಿಗೆ ನೀರು ಹಾಕುವುದನ್ನು ಬಿಟ್ಟರು.

ಆ ಉಪಕರಣಕ್ಕೆ ಜೋಡಿಸಿದ್ದು ಠಾಣೆಯ ಹಳೆ ಕಂಪ್ಯೂಟರು. ಉಪಕರಣ ಮಾಡಿದ ಕಂಪನಿ ಮುಚ್ಚಿ ಹೋಗಿತ್ತು, ಅವರ ತಂತ್ರಾಂಶ ಆ ಹಳೆ ಆಪರೇಟಿಂಗ್ ಸಿಸ್ಟಮ್ ಬಿಟ್ಟು ಬೇರೆ ಯಾವುದರಲ್ಲೂ ಏಳುತ್ತಿರಲಿಲ್ಲ. ಹಗಲು ರಾತ್ರಿ ಅದು ಹೊಳೆಯ ಉಪ್ಪು ನೋಡುತ್ತ ಕೂತಿರುತ್ತಿತ್ತು. ಠಾಣೆಯ ಸಹಾಯಕ ನಾಗರಾಜ, ಗುತ್ತಿಗೆ ನೌಕರ, ಅಳಿವೆಯ ಬದಿಯಲ್ಲೇ ಹುಟ್ಟಿ ಬೆಳೆದ ಖಾರ್ವಿ ಮೀನುಗಾರರವ. ಆ ಯಂತ್ರಕ್ಕೆ ಅವನಿಟ್ಟ ಹೆಸರು ಅಜ್ಜ.

“ಅಜ್ಜ ಹ್ಯಾಂಗಿತ್ತ್ ನಾಗ್ರಾಜ?” ಎಂದು ಫೋನಿನಲ್ಲಿ ಕೇಳಿದರೆ, “ಒಂಚೂರ್ ಕೆಮ್ತಾ ಇತ್ತ್ ಅಕ್ಕಾ, ಆರೆ ಕಣ್ಣ್ ಸಮ ಕಾಂತ್” ಎನ್ನುತ್ತಿದ್ದ. ಕೆಮ್ಮು ಎಂದರೆ ಫ್ಯಾನಿನ ಸದ್ದು, ಕಣ್ಣು ಸರಿ ಕಾಣುತ್ತದೆ ಎಂದರೆ ಉಪ್ಪಿನ ಲೆಕ್ಕ ಸರಿಯಾಗಿದೆ.

ಅಜ್ಜನನ್ನು ತೆಗೆಯಬೇಕು ಎಂಬ ಆದೇಶ ಬಂದಾಗ ನಾನು ವಿನಾಯಿತಿ ಕೇಳಿದೆ. ಹಳೆ ಆಪರೇಟಿಂಗ್ ಸಿಸ್ಟಮ್ಮಿಗೆ ಸುರಕ್ಷತೆಯ ತೇಪೆ ಈಗ ಯಾರೂ ಕೊಡುವುದಿಲ್ಲ ಎಂಬುದು ನನಗೂ ಗೊತ್ತಿತ್ತು. ಅದಕ್ಕೆ ಉಪಾಯವನ್ನೂ ಬರೆದೆ. ಇದನ್ನು ಇಂಟರ್‌ನೆಟ್ಟಿನಿಂದ ಪೂರ್ತಿ ಬಿಡಿಸಿ ಒಂಟಿಯಾಗಿ ಇಡೋಣ, ಅದು ತನ್ನ ಪಾಡಿಗೆ ಉಪ್ಪು ಅಳೆದು ಅದರ ಸಿಮ್ ಕಾರ್ಡಿನಿಂದಲೇ ಸಂದೇಶ ಕಳಿಸುತ್ತಿರಲಿ, ಪಕ್ಕದಲ್ಲಿ ನಿಮ್ಮ ಹೊಸ ಕಂಪ್ಯೂಟರೂ ಇರಲಿ.

ಕೇಶವಮೂರ್ತಿ ಫೋನು ಮಾಡಿದರು. “ನಿಮ್ಮೊಬ್ಬರಿಗೆ ವಿನಾಯಿತಿ ಕೊಟ್ಟರೆ ನಾಳೆ ಎಲ್ಲರೂ ಕೇಳುತ್ತಾರೆ ಮೇಡಂ. ಏಕರೂಪ ಅಂದರೆ ಏಕರೂಪ.”

“ಸಾರ್, ಇದು ಕಚೇರಿಯ ಕಂಪ್ಯೂಟರಲ್ಲ, ಉಪಕರಣದ ಒಂದು ಭಾಗ. ಇದು ನಿಂತರೆ ಅಲ್ಲಿಯ ಗದ್ದೆಗೆ ಉಪ್ಪು ನುಗ್ಗುತ್ತದೆ.”

“ಹೊಸ ತಂತ್ರಾಂಶ ಇದಕ್ಕಿಂತ ಚೆನ್ನಾಗಿ ಮಾಡುತ್ತೆ. ಲೆಕ್ಕ ನೇರ ಇಲ್ಲಿಯ ಸರ್ವರ್‌ಗೆ ಬರುತ್ತೆ, ಸಂದೇಶವನ್ನು ನಾವೇ ಇಲ್ಲಿಂದ ಕಳಿಸುತ್ತೀವಿ. ನೀವು ಯಾಕೆ ಭಾವುಕರಾಗ್ತೀರಿ?”

ಭಾವುಕ. ಉಪ್ಪುನೀರಿನ ಮಾತಾಡಿದರೆ ಹೆಂಗಸು ಭಾವುಕಳಾಗಿದ್ದಾಳೆ. ಫೋನು ಇಟ್ಟು ನಮ್ಮ ಮುಖ್ಯಸ್ಥರಾದ ಐತಾಳರ ಕೋಣೆಗೆ ಹೋದೆ. ಒಳ್ಳೆಯ ವಿಜ್ಞಾನಿ, ಆದರೆ ಕೇಂದ್ರ ಕಚೇರಿಯ ಹೆಸರೆತ್ತಿದರೆ ಕನ್ನಡಕ ತೆಗೆದು ಒರೆಸಲು ಶುರು ಮಾಡುವ ಮನುಷ್ಯ.

“ಸುಮತಿಯವರೇ, ಅವರ ಹತ್ತಿರ ನಾವು ಜಗಳ ಕಟ್ಟಿಕೊಂಡು ಬದುಕಲಿಕ್ಕುಂಟಾ?” ಎಂದರು.

“ಜಗಳ ಅಲ್ಲ ಸಾರ್. ಒಂದು ಮಳೆಗಾಲ ಎರಡನ್ನೂ ಜೊತೆಗೆ ಓಡಿಸಿ ನೋಡುವ ಎಂದೆ ಅಷ್ಟೇ.”

“ನೋಡುವ, ನೋಡುವ” ಎನ್ನುತ್ತ ಕನ್ನಡಕ ಒರೆಸಿದರು. ಏನನ್ನೂ ನೋಡಲಿಲ್ಲ.

ಅಜ್ಜನನ್ನು ಗೋಣಿಯಲ್ಲಿ ಸುತ್ತಿ ಕುಂದಾಪುರದ ಉಗ್ರಾಣಕ್ಕೆ ತಂದರು. ಹೊಸ ಯಂತ್ರದ ಪಾಸ್‌ವರ್ಡಿನ ಬೀಗವೆಲ್ಲ ಕೇಂದ್ರ ಕಚೇರಿಯ ಕೈಯಲ್ಲಿ. ಒಂದು ಗುಂಡಿ ಬದಲಿಸಬೇಕಾದರೂ ನನಗೆ ಅನುಮತಿ ಇಲ್ಲ. ಹೇಗೆ ಹೊಂದಿಸಿದ್ದಾರೆ ಎಂದು ಬರವಣಿಗೆಯಲ್ಲಿ ಕೇಳಿದೆ. ಬಂದ ಉತ್ತರ: ಎಲ್ಲ ಕೇಂದ್ರಗಳಲ್ಲಿ ಇರುವ ಹಾಗೆ.

ಆ ವರ್ಷ ಮಳೆ ಬೇಗ ಬೆನ್ನು ತಿರುಗಿಸಿತು. ದೀಪಾವಳಿ ಬಂತು, ಕಚೇರಿಗಳಿಗೆ ಸಾಲು ರಜೆ. ದೀಪಾವಳಿ ಎಂದರೆ ಅಮಾವಾಸ್ಯೆ, ಅಮಾವಾಸ್ಯೆ ಎಂದರೆ ದೊಡ್ಡ ಉಬ್ಬರ. ಕಡಲ ಬದಿಯಲ್ಲಿ ಇದು ಮಕ್ಕಳಿಗೂ ಗೊತ್ತು. ಅಜ್ಜ ಇದ್ದಾಗ ನಾವು ನಿಶ್ಚಿಂತೆಯಿಂದ ಹಬ್ಬ ಮಾಡುತ್ತಿದ್ದೆವು, ಅದಕ್ಕೆ ರಜೆ ಇರಲಿಲ್ಲ. ಹಬ್ಬ ಮುಗಿಯುವ ದಿನ ನಾನು ಕೊಟ್ಟೆ ಕಡುಬು ಇಳಿಸುತ್ತಿದ್ದಾಗ ಶೆಟ್ಟರ ಫೋನು ಬಂತು.

“ಹ್ವಾಯ್ ಮೇಡಂ, ನಿಮ್ಮ ಮಿಷನ್ ಬದ್ಕಿತ್ತಾ?”

“ಎಂತ ಆಯ್ತ್ ಶೆಟ್ರೇ?”

“ಮೆಸೇಜ್ ಎಂತದೂ ಬರ್ಲಿಲ್ಯ. ಇಲ್ಲ್ ಗದ್ದಿ ತುಂಬ ಉಪ್ಪ್ ನೀರ್. ಸುಗ್ಗಿ ಬೆಳಿಗ್ ಹಾಕಿದ್ ಅಗೆ ಸಸಿ ಎಲ್ಲ ಕೆಂಪಾಯಿ ಮಲ್ಕಂಡಿತ್.” ಹಾಗೆಯೇ ಮುಂದುವರಿಸಿದರು, “ನಾನ್ ಹೊಳಿ ಬದಿಗ್ ಹೋದವ ವಾಪಾಸ್ ಬಂದೆ ಮಾರಾಯ್ರೆ. ಮೆಸೇಜ್ ಬರ್ಲಿಲ್ಯಲ, ಹಾಂಗಾರೆ ತೊಂದ್ರಿ ಇಲ್ಲ ಅಂದ್ಕಂಡ್.”

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವರು ಬೈಯಲಿಲ್ಲ.

ರಜೆ ಮುಗಿಯಲಿ ಎಂದು ಕಾಯದೆ ಬೈಂದೂರಿಗೆ ಹೋದೆ. ನಾಗರಾಜ ಠಾಣೆಯ ಬೀಗ ತೆಗೆದ. ಪರದೆ ಕಪ್ಪಾಗಿತ್ತು. ಅವನು ಮೌಸ್ ಮುಟ್ಟಿದ ಕೂಡಲೇ ಬೆಳಗಿತು, ಲೆಕ್ಕ ಬಂತು. ಉಪ್ಪು ಗಡಿಗಿಂತ ಬಹಳ ಮೇಲಿತ್ತು.

“ಕಾಣಿ ಅಕ್ಕಾ, ನಾ ಬಂದಾಗೆಲ್ಲ ಸಮ ಇರತ್ತ್ ಇದ್” ಎಂದ.

“ಈಗ ಯಾವುದನ್ನೂ ಮುಟ್ಟಬೇಡ. ಸುಮ್ಮನೆ ಕೂತುಕೋ” ಎಂದೆ. ಇಬ್ಬರೂ ಕೈ ಕಟ್ಟಿ ಕೂತೆವು. ಸ್ವಲ್ಪ ಹೊತ್ತಿಗೆ ಪರದೆ ಕಪ್ಪಾಯಿತು. ಉಪಕರಣದ ಪೆಟ್ಟಿಗೆಯ ಮೇಲಿನ ಸಣ್ಣ ದೀಪವೂ ಆರಿತು. ಕಂಪ್ಯೂಟರು ನಿದ್ದೆ ಹೋಗಿತ್ತು. ಯಾರೂ ಕೀಲಿ ಒತ್ತದಿದ್ದರೆ ವಿದ್ಯುತ್ ಉಳಿಸಲು ಮಲಗಬೇಕು ಎಂದು ಎಲ್ಲ ಯಂತ್ರಗಳಿಗೂ ಒಂದೇ ಕಟ್ಟಳೆ ಮಾಡಿದ್ದರು. ಗುಮಾಸ್ತರ ಮೇಜಿಗೆ ಸರಿಯಾದ ಕಟ್ಟಳೆ. ಹೊಳೆಯನ್ನು ಕಾಯುವ ಯಂತ್ರಕ್ಕೂ ಅದನ್ನೇ ತೊಡಿಸಿದರು. ನಾಗರಾಜ ಇದ್ದಾಗ ಎಚ್ಚರ, ಇಲ್ಲದಾಗ ನಿದ್ದೆ. ಹಬ್ಬದ ರಜೆ ಪೂರ್ತಿ ನಿದ್ದೆ.

“ಥೋ, ಕಾವಲಿಗ್ ಇಟ್ಟದ್ದೇ ಗೊರ್ಕಿ ಹೊಡಿತಾ ಇತ್ತಲೆ” ಎಂದ ನಾಗರಾಜ. ನನಗೆ ನಗು ಬರಲಿಲ್ಲ.

ಅಲ್ಲಿಂದಲೇ ಕೇಶವಮೂರ್ತಿಯವರಿಗೆ ಫೋನು ಮಾಡಿದೆ. ಅವರ ಸ್ವರದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. “ಸಾಧ್ಯವೇ ಇಲ್ಲ ಮೇಡಂ. ನನ್ನ ಮುಂದೆ ಗ್ರಾಫ್ ಇದೆ. ಹಬ್ಬದ ಅಷ್ಟೂ ದಿನ ಹಸಿರು. ಲೆಕ್ಕ ಬಂದಿದೆ.”

ಅವರು ಕಳಿಸಿದ ಗ್ರಾಫನ್ನು ಮೊಬೈಲಿನಲ್ಲಿ ನೋಡಿದೆ. ಅಡ್ಡಕೋಲು ಹಿಡಿದು ಎಳೆದ ಹಾಗೆ ನೇರ ಗೆರೆ. ಯಾವ ಹೊತ್ತಿನ ಲೆಕ್ಕ ಬಂದಿಲ್ಲವೋ ಅಲ್ಲಿಗೆ ಹಿಂದಿನ ಲೆಕ್ಕವನ್ನೇ ಕೇಂದ್ರ ಕಚೇರಿಯ ಸರ್ವರ್ ತುಂಬಿಸುತ್ತ ಹೋಗಿತ್ತು. ಖಾಲಿ ಜಾಗ ಇದ್ದರೆ ವರದಿ ಚಂದ ಕಾಣುವುದಿಲ್ಲವಲ್ಲ.

“ಇದು ಬಂದದ್ದಲ್ಲ ಸಾರ್, ನೀವು ತುಂಬಿಸಿದ್ದು. ಉಬ್ಬರ ಇಳಿತ ಇರುವ ಹೊಳೆ ನೇರ ಗೆರೆ ಎಳೆಯುವುದಿಲ್ಲ. ಅದನ್ನು ನೋಡಿ ಅಲ್ಲಿ ಯಾರಿಗೂ ಅನುಮಾನ ಬರಲಿಲ್ಲವಾ?”

“ಅದು ಎಲ್ಲ ಕೇಂದ್ರಗಳಿಗೂ ಒಪ್ಪಿಕೊಂಡ ಕ್ರಮ.”

“ಗದ್ದೆ ಹೋಯಿತು ಸಾರ್.”

“ಆಪರೇಟರ್ ರಜೆಯಲ್ಲಿ ಯಾಕೆ ಹೋಗಿ ನೋಡಲಿಲ್ಲ? ಮೊದಲು ಅದಕ್ಕೆ ಉತ್ತರ ಬೇಕು.”

ಹೀಗೆ ತಪ್ಪು ನಾಗರಾಜನ ಹೆಗಲಿಗೆ ಬಂದು ಕೂತಿತು. ನಿಗಾ ವಹಿಸಿಲ್ಲ ಎಂದು ಅವನಿಗೆ ಮೆಮೊ ಬಂತು. ತಾಂತ್ರಿಕವಾಗಿ ವ್ಯವಸ್ಥೆ ಸರಿಯಾಗಿಯೇ ಇತ್ತು ಎಂದು ನಾನು ಸಹಿ ಹಾಕಿ ಕೊಡಬೇಕು. ಐತಾಳರು ಆ ಕಾಗದವನ್ನು ನನ್ನ ಮುಂದೆ ಮೆಲ್ಲಗೆ ತಳ್ಳಿದರು.

“ಅವನು ಗುತ್ತಿಗೆಯವ. ಬೇರೆ ಕಡೆ ನೋಡಿಕೊಳ್ಳುತ್ತಾನೆ. ನಿಮ್ಮದು ಸೇವೆ ಇನ್ನೂ ಉಂಟು.”

“ರಜೆಯ ದಿನ ಮೌಸ್ ಅಲ್ಲಾಡಿಸಲಿಕ್ಕೆ ಬರಬೇಕು ಎಂದು ಅವನಿಗೆ ಯಾರು ಹೇಳಿದ್ದು ಸಾರ್? ನಿಮಗೆ ಗೊತ್ತಿತ್ತಾ? ನನಗೆ ಗೊತ್ತಿತ್ತಾ?”

“ಇಲ್ಲ.”

“ಮತ್ತೆ?”

ಕನ್ನಡಕ ಒರೆಸಿದರು. ನಾನು ಆ ಕಾಗದಕ್ಕೆ ಸಹಿ ಹಾಕಲಿಲ್ಲ. ನಾಗರಾಜನದ್ದು ಎಳ್ಳಷ್ಟೂ ತಪ್ಪಿಲ್ಲ, ಈ ಕಟ್ಟಳೆ ಮಾಡಿದವರು ಒಮ್ಮೆ ಬೈಂದೂರಿಗೆ ಬಂದು ಹೊಳೆಯ ಬದಿ ಒಂದು ಉಬ್ಬರ ನಿಂತು ನೋಡಲಿ ಎಂದು ನನ್ನದೇ ವರದಿ ಬರೆದು, ಐತಾಳರನ್ನು ದಾಟಿಸಿ ಮೇಲಕ್ಕೆ ಕಳಿಸಿದೆ.

ಬಂದರು. ಅದೇ ಆಶ್ಚರ್ಯ. ಕಾರಿನಲ್ಲಿ ಕೇಶವಮೂರ್ತಿ, ಪಕ್ಕದಲ್ಲಿ ಐತಾಳರು. ಅಣೆಕಟ್ಟಿನ ಹತ್ತಿರ ನಾನು, ನಾಗರಾಜ, ಶೆಟ್ಟರು. ಅವರು ಬಂದದ್ದು ಪೂರ್ತಿ ಇಳಿತದ ಹೊತ್ತಿಗೆ. ಘಟ್ಟದ ಮೇಲಿನಿಂದ ಹೊರಡುವಾಗ ವಿಮಾನದ ಹೊತ್ತು ನೋಡಿದ್ದರು, ಉಬ್ಬರದ ಹೊತ್ತು ನೋಡಿರಲಿಲ್ಲ. ಅಣೆಕಟ್ಟಿನ ಕೆಳಗೆ ಕೆಸರು ಕಾಣುತ್ತಿತ್ತು, ಮೇಲಿನಿಂದ ಸಿಹಿನೀರು ಸಣ್ಣಗೆ ಹರಿದು ಬರುತ್ತಿತ್ತು. ಕೈಯಲ್ಲಿ ಹಿಡಿಯುವ ಮೀಟರನ್ನು ನೀರಿಗೆ ಇಳಿಸಲು ನಾಗರಾಜನಿಗೆ ಹೇಳಿದರು. ನೋಡಿದರು.

“ಗಡಿಯ ಒಳಗೇ ಇದೆಯಲ್ಲ. ಇಲ್ಲಿ ಸಮಸ್ಯೆ ಎಲ್ಲಿದೆ?”

ಶೆಟ್ಟರು ಮುಂಡಿನ ತುದಿ ಮೇಲೆ ಕಟ್ಟುತ್ತ, “ಸಾರ್, ಒಂಚೂರ್ ನಿಲ್ಲಿ. ಮೀನ್ ಊಟ ಮಾಡಿ ಬನ್ನಿ ಬೇಕಾರೆ. ನೀರ್ ತಿರುಗೂಕ್ ಶುರುವಾತ್ತ್ ಈಗ” ಎಂದರು.

“ಇಲ್ಲ ಇಲ್ಲ, ಮಂಗಳೂರಿನಲ್ಲಿ ಫ್ಲೈಟ್ ಇದೆ.”

“ಸಾರ್, ನಿಂತು ನೋಡುವುದಕ್ಕೇ ನಿಮ್ಮನ್ನು ಕರೆದದ್ದು” ಎಂದೆ. ನನ್ನ ಸ್ವರ ಏರಿತ್ತು. ಏರಲಿ ಎಂದು ಬಿಟ್ಟೆ. “ಈ ನೀರು ಮೇಲೆ ಬರುವುದನ್ನು ನೋಡದೆ ನೀವು ಬರೆಯುವುದೆಲ್ಲ ಸುಳ್ಳಾಗುತ್ತದೆ.”

ಅವರು ಐತಾಳರ ಕಡೆ ತಿರುಗಿ, ಹೊರಡೋಣವಾ ಎಂದರು. ಐತಾಳರು ನನ್ನ ಮುಖ ನೋಡದೆ ಕಾರು ಹತ್ತಿದರು.

ಕಾರು ಹೈವೇ ಮುಟ್ಟುವ ಹೊತ್ತಿಗೆ ಅಣೆಕಟ್ಟಿನ ಕೆಳಗಿನ ಕಸಕಡ್ಡಿ ನಿಂತಲ್ಲೇ ನಿಂತಿತು. ಆಮೇಲೆ ಮೆಲ್ಲಗೆ ನಮ್ಮ ಕಡೆ ಬರತೊಡಗಿತು. ಶೆಟ್ಟರು ತಡವಾಗಿ ಹಾಕಿದ ಹಲಗೆಗೆ ನೀರು ಬಂದು ಒರಗಿತು. ನಾಗರಾಜ ಮೀಟರನ್ನು ಹಲಗೆಯ ಕೆಳಬದಿಯಲ್ಲಿ ಇನ್ನೊಮ್ಮೆ ಇಳಿಸಿ ನನ್ನ ಕೈಗೆ ಕೊಟ್ಟ, ಉಪ್ಪು ಗಡಿ ದಾಟಿತ್ತು. ಅದನ್ನು ಬರೆದುಕೊಳ್ಳಬೇಕಾದವರು ಆಗ ಮಂಗಳೂರಿನ ದಾರಿಯಲ್ಲಿ ಮರವಂತೆ ದಾಟಿರಬೇಕು.

ವರದಿ ಬಂತು. ಪರಿಶೀಲನೆಯ ಸಮಯದಲ್ಲಿ ಉಪ್ಪು ಮಿತಿಯೊಳಗೆ ಇತ್ತು. ಬೈಂದೂರಿನ ಉಪಕರಣ ಏಕರೂಪಕ್ಕೆ ಹೊಂದದ ಕಾರಣ ಅದನ್ನು ಪಟ್ಟಿಯಿಂದ ಕೈಬಿಡಲಾಗಿದೆ. ಹೊಂದದ ಒಂದನ್ನು ಕೈಬಿಟ್ಟ ಮೇಲೆ ಉಳಿದದ್ದೆಲ್ಲ ಹೊಂದಿತು, ಸಂಸ್ಥೆಯಲ್ಲಿ ಏಕರೂಪ ಸಂಪೂರ್ಣ ಎಂದು ಘೋಷಣೆಯಾಯಿತು, ಕುಂದಾಪುರದ ಕಚೇರಿಯಲ್ಲಿ ಲಾಡು ಹಂಚಿದರು. ನಾಗರಾಜನ ಗುತ್ತಿಗೆ ಮುಂದುವರಿಯಲಿಲ್ಲ. ಅವನೀಗ ಬಂದರಿನಲ್ಲಿ ಬೋಟುಗಳಿಗೆ ಐಸು ತುಂಬಿಸುತ್ತಾನೆ. ನಾನು ಲಾಡು ಮುಟ್ಟದೆ ಸ್ವಯಂ ನಿವೃತ್ತಿಯ ಅರ್ಜಿ ಬರೆದೆ.

ಸುದ್ದಿ ಹೇಳಲು ಶೆಟ್ಟರ ಮನೆಗೆ ನಾನೇ ಹೋದೆ. ಅವರ ಹೆಂಡತಿ ಬೆಲ್ಲ, ನೀರು ತಂದಿಟ್ಟರು. ಗದ್ದೆಯಲ್ಲಿ ಆ ವರ್ಷ ಸುಗ್ಗಿ ಇಲ್ಲ, ಮಣ್ಣಿನ ಮೇಲೆ ಬಿಳಿ ಪೊರೆ ಎದ್ದಿತ್ತು. ಉಪಕರಣವನ್ನು ಪಟ್ಟಿಯಿಂದ ತೆಗೆದರು, ಇನ್ನು ಸಂದೇಶ ಬರುವುದಿಲ್ಲ ಎಂದೆ.

ಶೆಟ್ಟರು ಎಲೆಗೆ ಸುಣ್ಣ ಸವರುತ್ತ ಕೇಳಿಸಿಕೊಂಡರು. “ಪಟ್ಟಿಯಿಂದ ತೆಗುದ್ ಬಿಡಿ ಮೇಡಂ, ಅದ್ ಯಾರ್ ಬೇಕಾರೂ ಮಾಡ್ತ್ರ್. ಹೊಳಿಗ್ ಯಾರಾರೂ ಹೇಳಿದ್ರಾ?”

ಹೊಸದಾಗಿ ಸೇರಿದವರೇ, ಆ ಕಂಪ್ಯೂಟರುಗಳ ಬೀಗ ಈಗ ನಿಮ್ಮ ಕೈಯಲ್ಲಿದೆ. ಶೆಟ್ಟರ ಈ ಮಾತಿಗೆ ಬಾಯಲ್ಲಿ ಉತ್ತರ ಹೇಳಬೇಡಿ. ಮಳೆ ಹಿಂದೆ ಸರಿಯುವ ಮೊದಲು ಬೈಂದೂರಿನ ಬಸ್ಸು ಹತ್ತಿ. ಪೂರ್ತಿ ಒಂದು ಉಬ್ಬರ ಆ ಹಲಗೆಗಳ ಹತ್ತಿರ ನಿಂತು ಬನ್ನಿ. ಆಮೇಲೂ ಏಕರೂಪ ಅಂದರೆ ಏಕರೂಪ ಎಂದು ನಿಮ್ಮ ಬಾಯಿಗೆ ಬಂದರೆ, ಶೆಟ್ಟರ ಮುಂದೆ ನಿಂತು ಹೇಳಿ.